ಆ ಹುಡುಗಿ ತನ್ನ ಮಗಳಲ್ಲ ಎಂದು ಅವರು ಬರೆದುಕೊಡುವುದಿಲ್ಲ

ಸಮುದಾಯ ಭವನದ ಆಡಳಿತಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಕೊರಳಿನಲ್ಲಿ ನೇತಾಡುತ್ತಿದ್ದ ಗುರುತಿನ ಚೀಟಿಯನ್ನು ಕಿತ್ತು ಕಿಟಕಿಯಾಚೆ ಎಸೆದವಳು ನನ್ನ ಮಗಳು. ಅದಕ್ಕೆ ಶಿಕ್ಷೆಯಾಗಿ ನೀವು ಭವನದೊಳಗೆ ಕಾಲಿಡದಂತೆ ಆದೇಶ ಹೊರಡಿಸಿರುವುದು ಒಬ್ಬ ಬಸ್ ಡ್ರೈವರ್ ಮತ್ತು ಅವರ ಮಗನ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನಾನು ಇಷ್ಟು ದಿನ ಬರೀ ಗಾದೆ ಅಂದುಕೊಂಡಿದ್ದೆ. ಅದು ಕಚೇರಿಯ ಕಾರ್ಯವಿಧಾನ ಎಂದು ಈಗ ತಿಳಿಯಿತು. ತಪ್ಪನ್ನು ತಿದ್ದಿ ಎಂದು ಕೇಳಲು ಬಂದರೆ, ಆ ಡ್ರೈವರೇ ಬಂದು "ಈ ಹುಡುಗಿ ನನ್ನ ಮಗಳಲ್ಲ" ಎಂದು ಬರೆದುಕೊಡಲಿ ಎನ್ನುತ್ತೀರಿ. ಅವರು ಬರೆದುಕೊಡುವುದಿಲ್ಲ. ಏಕೆ ಎಂಬುದನ್ನು ಮತ್ತೊಮ್ಮೆ ಬಂದು ನಿಮ್ಮ ಗುಮಾಸ್ತರಿಗೆ ವಿವರಿಸಿದೆ. "ಅದೆಲ್ಲ ಫೈಲಲ್ಲಿ ಬರಲ್ಲ ಸ್ವಾಮಿ" ಎಂದರು. ಫೈಲಿನಲ್ಲಿ ಬರದಿದ್ದರೆ ಪತ್ರಿಕೆಯಲ್ಲಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ನಾನು ಹಳೆಯ ಮೇಜು-ಕುರ್ಚಿ ಕೊಂಡು, ರಿಪೇರಿ ಮಾಡಿ, ಮಾರುವವನು. ಓದಿದ್ದು ಕಡಿಮೆ. ಆದರೆ ಯಾವ ಕುರ್ಚಿಯ ಯಾವ ಕಾಲು ಅಲುಗಾಡುತ್ತದೆ ಎಂಬುದನ್ನು ಬಾಗಿಲಲ್ಲಿ ನಿಂತೇ ಹೇಳಬಲ್ಲೆ. ನಿಮ್ಮ ಭವನದ ಮಹಡಿಯ ಕೊನೆಯ ಕೊಠಡಿಗೆ ನಾನು ಮೊದಲು ಬಂದದ್ದೂ ವ್ಯಾಪಾರಕ್ಕೇ. ಮುರಿದ ಕುರ್ಚಿಗಳನ್ನು ಅಲ್ಲಿ ಗುಡ್ಡೆ ಹಾಕಿದ್ದಾರೆ, ಬೆಲೆ ಕಟ್ಟಿ ಹೋಗು ಎಂದು ನಿಮ್ಮ ಹಿಂದಿನ ಅಧಿಕಾರಿಗಳು ಕರೆಸಿದ್ದರು. ಆ ಗುಡ್ಡೆಯ ನಡುವೆ ಜಾಗ ಮಾಡಿಕೊಂಡು ಕೆಲವರು ಕೂತು ತಂತಮ್ಮ ಮಕ್ಕಳ ರಂಪಾಟ ಹೇಳಿಕೊಳ್ಳುತ್ತಿದ್ದರು. ಆಗ ಮಾತಾಡುತ್ತಿದ್ದವರು ನಾವೀಗ ಟೈಲರಮ್ಮ ಎನ್ನುವವರು. ಪಕ್ಕದ ಕೋಣೆಯಿಂದ ಯಾವುದೋ ಮಗು ಮೇಜಿನ ಖಾನೆಯನ್ನು ಎಳೆದು ದಬಾರನೆ ಮುಚ್ಚುವುದು, ಎಳೆದು ದಬಾರನೆ ಮುಚ್ಚುವುದು ಕೇಳುತ್ತಿತ್ತು, ಮತ್ತು ಅಲ್ಲಿದ್ದ ಒಬ್ಬರೂ ಆ ಕಡೆ ಹುಬ್ಬು ಗಂಟಿಕ್ಕಿ ನೋಡುತ್ತಿರಲಿಲ್ಲ. ಅಂಥ ಸದ್ದು ನಮ್ಮ ಮನೆಯಲ್ಲೂ ಇದೆ. ಹುಬ್ಬು ಗಂಟಿಕ್ಕದ ಜನರನ್ನು ಮಾತ್ರ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕುರ್ಚಿಗೆ ಬೆಲೆ ಕಟ್ಟಲು ಬಂದವನು ಅದರಲ್ಲೇ ಕೂತೆ.

ನನ್ನ ಮಗಳನ್ನು ಮನೆಯಲ್ಲಿ ಸಿಡಿಲಮರಿ ಎನ್ನುತ್ತೇವೆ. ಸುಖಾಸುಮ್ಮನೆ ಇಟ್ಟ ಹೆಸರಲ್ಲ. ಕಚ್ಚುತ್ತಾಳೆ, ಬಡಿಯುತ್ತಾಳೆ, ಬೆದರಿದರೆ ತನ್ನ ತಲೆಯನ್ನೇ ಗೋಡೆಗೆ ಚಚ್ಚಿಕೊಳ್ಳುತ್ತಾಳೆ. ನೇತಾಡುವ ವಸ್ತು ಕಣ್ಣಿಗೆ ಬಿದ್ದರೆ ಅದನ್ನು ಕಿತ್ತು ಕಾಣದಂತೆ ಮಾಡುವವರೆಗೆ ಅವಳಿಗೆ ಸಮಾಧಾನವಿಲ್ಲ. ಇದನ್ನು ಹೇಳಿಕೊಂಡಾಗಲೆಲ್ಲ ನನಗೆ ಸಿಕ್ಕಿದ್ದು ಒಂದೇ ವಸ್ತು: ಬುದ್ಧಿಮಾತು. ಭಾವಮೈದುನ "ಎರಡು ಬಿಟ್ರೆ ತಾನಾಗೇ ಸರಿಹೋಗ್ತಾಳೆ ಭಾವ" ಎಂದ. ಶಾಲೆಯವರು "ಪ್ರೀತಿಯಿಂದ ಹೇಳಿ ನೋಡಿ" ಎಂದರು, ಆಮೇಲೆ ಅಷ್ಟೇ ಪ್ರೀತಿಯಿಂದ "ಬೇರೆ ಶಾಲೆ ನೋಡಿ" ಎಂದರು. ಪಕ್ಕದ ಮನೆಯಾಕೆ ಟಿವಿ ಕಾರಣ ಎಂದರು. ನಮ್ಮ ಮನೆಯಲ್ಲಿ ಟಿವಿ ಇಲ್ಲ. ಅದನ್ನು ಸಿಡಿಲಮರಿ ಯಾವತ್ತೋ ವಿಲೇವಾರಿ ಮಾಡಿದ್ದಾಳೆ.

ಹಾಗಾಗಿ ನಮ್ಮ ಗುಂಪಿನಲ್ಲಿ ಬುದ್ಧಿಮಾತಿಗೆ ದಂಡವಿದೆ. ಶನಿವಾರ ಸಂಜೆ ಯಾರಾದರೂ ಬಾಯಿತಪ್ಪಿ "ನೀವು ಹೀಗೆ ಮಾಡ್ಬೇಕಿತ್ತು" ಎಂದರೆ ಅವತ್ತು ಎಲ್ಲರ ಚಹಾ ಲೋಟ ಅವರೇ ತೊಳೆಯಬೇಕು. ಮೊಮ್ಮಗನನ್ನು ಸಾಕುತ್ತಿರುವ ಟೀಚರಜ್ಜಿ ಪಾಪ, ಬಂದ ಹೊಸದರಲ್ಲಿ ಪ್ರತಿ ವಾರವೂ ತೊಳೆದರು. "ಅಭ್ಯಾಸಬಲ ಕಣಪ್ಪ, ಜೀವಮಾನವೆಲ್ಲ ಸಂಬಳ ತಗೊಂಡು ಇದನ್ನೇ ಮಾಡಿದೀನಿ" ಎನ್ನುತ್ತಿದ್ದರು.

ಎರಡನೆಯ ಕಟ್ಟಳೆಯೇ ಈಗ ನಮ್ಮನ್ನು ಬೀದಿಗೆ ತಂದದ್ದು. ಅದು ಹುಟ್ಟಿದ್ದು ಟೈಲರಮ್ಮನಿಂದ. ಒಂದು ದಿನ ಚಪ್ಪಲಿ ಅಂಗಡಿಯಲ್ಲಿ ಅವರ ಮಗ ಸಾಲಾಗಿ ಜೋಡಿಸಿದ್ದನ್ನೆಲ್ಲ ನೆಲಕ್ಕೆ ಉರುಳಿಸಿ, ಅದರ ಮೇಲೆ ಮಲಗಿ ಕಿರುಚತೊಡಗಿದನಂತೆ. ಯಾರೋ ಒಬ್ಬರು ಗಟ್ಟಿಯಾಗಿ "ಯಾರ್ದು ಈ ಮಗು?" ಎಂದರಂತೆ. "ಎಲ್ಲರೂ ಸುತ್ತ ನೋಡಿದ್ರು. ನಾನೂ ತಿರುಗಿ ನೋಡ್ದೆ ಕಣ್ರೀ, ಯಾರ್ದೋ ಇರಬೇಕು ಅನ್ನೋ ಹಾಗೆ. ಮತ್ತೆ ಈ ಕಡೆ ತಿರುಗಿದ್ರೆ ಅವನು ಕಿರುಚೋದು ನಿಲ್ಲಿಸಿ ನನ್ನನ್ನೇ ನೋಡ್ತಿದ್ದ" ಎಂದು ಅವರು ಹೇಳಿದರು.

ಅವತ್ತಿನಿಂದ ನಮ್ಮಲ್ಲಿ ಹೀಗೆ ನಡೆದುಬಂದಿದೆ. ದೊಡ್ಡವರು ಒಂದು ಕೋಣೆಯಲ್ಲಿ ಮಾತಾಡುವಾಗ ಪಕ್ಕದ ಕೋಣೆಯಲ್ಲಿ ಮಕ್ಕಳ ಜೊತೆ ಸರದಿಯಂತೆ ಒಬ್ಬರು ಕೂರುತ್ತಾರೆ. ಆ ಹೊತ್ತಿನಲ್ಲಿ ಯಾರು ಬಂದು ಯಾವ ಮಗುವನ್ನು ತೋರಿಸಿ ಯಾರದೆಂದು ಕೇಳಿದರೂ ಸರದಿಯಲ್ಲಿರುವವರ ಉತ್ತರ ಒಂದೇ: ನನ್ನದು. ಮಗುವಿನ ಎದುರಿಗೆ "ನನ್ನದಲ್ಲ" ಎನ್ನುವಂತಿಲ್ಲ. ಇದರಿಂದ ಇನ್ನೊಂದು ಲಾಭವೂ ಕಂಡುಬಂತು. ಬೇರೆಯವರ ಮಗು ಕಚ್ಚಿದರೆ ಗಾಯ ಮಾತ್ರ ಆಗುತ್ತದೆ. ನಮ್ಮದೇ ಕಚ್ಚಿದರೆ ಗಾಯದ ಜೊತೆ ಅವಮಾನವೂ ಆಗುತ್ತದೆ. ಬರೀ ಗಾಯವಾದಾಗ ಮನುಷ್ಯನಿಗೆ ತಾಳ್ಮೆ ಉಳಿದಿರುತ್ತದೆ.

ಇನ್ನು ನಿಮ್ಮ ತಪಾಸಣೆಯ ಸಂಗತಿ. ಕೆಳಗಿನ ಸಭಾಂಗಣದವರು ಸದ್ದಿನ ಬಗ್ಗೆ ದೂರು ಕೊಟ್ಟಿದ್ದರು, ನೀವು ಮುನ್ಸೂಚನೆಯಿಲ್ಲದೆ ಬಂದಿರಿ. ಬರುವುದು ನಿಮ್ಮ ಹಕ್ಕು. ಬಾಗಿಲು ತಟ್ಟಿದ್ದರೆ ನಾವು ಹೇಳುತ್ತಿದ್ದೆವು, ಸಾರ್, ಕೊರಳಲ್ಲಿರೋದನ್ನ ಸ್ವಲ್ಪ ಜೇಬಿಗೆ ಹಾಕ್ಕೊಳ್ಳಿ ಎಂದು. ನಮ್ಮ ಟೈಲರಮ್ಮ ಅಳತೆ ಟೇಪನ್ನು ಚೀಲಕ್ಕೆ ಹಾಕಿಯೇ ಒಳಗೆ ಬರುತ್ತಾರೆ, ಟೀಚರಜ್ಜಿ ಕನ್ನಡಕದ ದಾರ ಬಿಚ್ಚಿಡುತ್ತಾರೆ. ನೀವು ನೇರವಾಗಿ ಮಕ್ಕಳ ಕೋಣೆಗೆ ನುಗ್ಗಿದಿರಿ. ಉಳಿದದ್ದು ನಿಮಗೆ ಗೊತ್ತು. ಚೀಟಿ ಹೋಗಿ ಸೈಕಲ್ ನಿಲ್ಲಿಸುವ ಜಾಗದ ತಗಡಿನ ಮೇಲೆ ಬಿತ್ತು. ನೀವು ಕೂಗಿದಿರಿ. ಅವಳು ತಲೆ ಚಚ್ಚಿಕೊಳ್ಳತೊಡಗಿದಳು. ಅವತ್ತು ಸರದಿಯಲ್ಲಿದ್ದ ಡ್ರೈವರಣ್ಣ ತಮ್ಮ ಅಂಗೈಯನ್ನು ಅವಳ ತಲೆಗೂ ಗೋಡೆಗೂ ನಡುವೆ ಇಟ್ಟುಕೊಂಡು ಕೂತರು. ನಾವು ಸದ್ದು ಕೇಳಿ ಓಡಿ ಬರುವ ಮೊದಲೇ ನೀವು ಕೇಳಿಯಾಗಿತ್ತು: "ಯಾರ್ರೀ ಇವಳ ಅಪ್ಪ?"

ನೀವು ಕೇಳಿದ ಪ್ರಶ್ನೆಗೆ ಅವರು ನಮ್ಮ ಕಟ್ಟಳೆಯಂತೆ ಉತ್ತರ ಕೊಟ್ಟರು. "ನನ್ನ ಮಗಳು ಸಾರ್. ತಪ್ಪಾಯ್ತು" ಎಂದರು. ಕೈ ಗೋಡೆಯಿಂದ ತೆಗೆಯಲಿಲ್ಲ. ನಾನು ಬಾಗಿಲಿಗೆ ಬರುವಷ್ಟರಲ್ಲಿ ನೀವು ಮೆಟ್ಟಿಲಿಳಿಯುತ್ತಿದ್ದಿರಿ, ಬೆನ್ನಷ್ಟೇ ಕಂಡಿತು.

ಅದರ ಬೆನ್ನಿಗೇ ಆದೇಶ ಬಂತು. ಡ್ರೈವರಣ್ಣನಿಗೂ "ಅವರ ಆಶ್ರಯದಲ್ಲಿರುವ ಮಗು ಅಥವಾ ಮಕ್ಕಳಿಗೂ" ಮುಂದಿನ ಆದೇಶದವರೆಗೆ ಪ್ರವೇಶವಿಲ್ಲ. ನಾವು ಉಳಿದವರು ಕೊಠಡಿ ಬಳಸಬಹುದು, ಆದರೆ ನಮ್ಮ ಮಕ್ಕಳು ಸದ್ವರ್ತನೆಯಿಂದ ಇರುತ್ತಾರೆಂದು ಮುಚ್ಚಳಿಕೆ ಬರೆದುಕೊಡಬೇಕು. ಮಾನ್ಯರೇ, ಮಕ್ಕಳು ಸದ್ವರ್ತನೆಯಿಂದ ಇದ್ದಿದ್ದರೆ ಶನಿವಾರ ಸಂಜೆ ನಾವು ನಿಮ್ಮ ಭವನಕ್ಕೆ ಏಕೆ ಬರುತ್ತಿದ್ದೆವು? ಈಜು ಬರುತ್ತದೆಂದು ಬರೆದುಕೊಟ್ಟ ಮೇಲೆ ಮಾತ್ರ ಮುಳುಗುವವನಿಗೆ ಹಗ್ಗ ಎಸೆಯುವುದು ಯಾವ ನೀತಿ? ಇನ್ನೊಂದು ಷರತ್ತು, ಪ್ರತಿಯೊಬ್ಬ ಪೋಷಕರೂ ತಮ್ಮ ತಮ್ಮ ಮಗುವನ್ನು ಮಾತ್ರ ತಾವೇ ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಅದನ್ನು ನಾವು ವಾರವಿಡೀ ಮನೆಯಲ್ಲಿ ಮಾಡುತ್ತಿದ್ದೇವೆ. ಅದರಿಂದ ಉಸಿರು ತೆಗೆದುಕೊಳ್ಳಲೆಂದೇ ಇಲ್ಲಿಗೆ ಬರುವುದು. ಕೊನೆಯಲ್ಲಿ, ಯಾರೂ ಕೇಳದಿದ್ದರೂ, "ಶಿಸ್ತನ್ನು ಮನೆಯಿಂದಲೇ ಆರಂಭಿಸುವುದು ಒಳಿತು" ಎಂದು ಒಂದು ವಾಕ್ಯ ಸೇರಿಸಿದ್ದೀರಿ. ಟೀಚರಜ್ಜಿ ಅದನ್ನು ಓದಿ ಕಾಗದ ಮಡಚಿ ಹೇಳಿದ್ದು ಇಷ್ಟೇ: "ಲೋಟ ತೊಳಿಬೇಕು ಇವರು."

ಮರುದಿನವೇ ನಿಮ್ಮ ಕಚೇರಿಗೆ ಬಂದೆ. ಹುಡುಗಿ ನನ್ನವಳು, ಶಿಕ್ಷೆ ಏನಿದ್ದರೂ ನನ್ನ ಹೆಸರಿಗೆ ಹಾಕಿ ಎಂದೆ. ಗುಮಾಸ್ತರು ಒಳ್ಳೆಯವರು, ಕೂರಿಸಿದರು. ಕುರ್ಚಿಯ ಹಿಂದಿನ ಎಡಗಾಲು ಸಡಿಲವಾಗಿತ್ತು.

"ತಾನೇ ತಂದೆ ಅಂತ ಅವರೇ ಒಪ್ಕೊಂಡಿದಾರಲ್ಲ, ವರದಿಯಲ್ಲಿದೆ" ಎಂದರು.

"ಸುಮ್ನೆ ಹಾಗಂದ್ರು ಸಾರ್. ಹೆತ್ತವನು ನಾನು."

"ನೀವು ಹೆತ್ತಿರಬಹುದು. ಆದ್ರೆ ಒಪ್ಕೊಂಡೋರು ಅವ್ರು. ಅವರೇ ಬಂದು ನನ್ನ ಮಗಳಲ್ಲ ಅಂತ ಬರ್ಕೊಟ್ರೆ ತಿದ್ದಬಹುದು. ಒಂದು ಸಾಲು ಸಾಕು."

ಒಂದು ಸಾಲು ತಾನೆ ಎಂದು ನಾನೂ ಖುಷಿಯಿಂದ ಡಿಪೋಗೆ ಹೋದೆ. ಡ್ರೈವರಣ್ಣ ಬಸ್ಸಿನ ಕನ್ನಡಿ ಒರೆಸುತ್ತಿದ್ದರು. ಸೆಕೆಯಲ್ಲೂ ತುಂಬುತೋಳಿನ ಅಂಗಿ. ಮಗನ ಉಗುರಿನ ಗೆರೆಗಳು ಪ್ರಯಾಣಿಕರಿಗೆ ಕಾಣಬಾರದಲ್ಲ. ಹೆಂಡತಿ ತೀರಿಕೊಂಡ ಮೇಲೆ ಆ ಹುಡುಗನ ಜೊತೆ ಅವರೊಬ್ಬರೇ. ವಾರದಲ್ಲಿ ಅವರು ಇನ್ನೊಬ್ಬ ದೊಡ್ಡ ಮನುಷ್ಯನ ಜೊತೆ ಕೂತು ಮಾತಾಡುವುದು ನಿಮ್ಮ ಭವನದಲ್ಲಿ ಮಾತ್ರ. ಎಲ್ಲ ಹೇಳಿದೆ. ಕೇಳಿಸಿಕೊಂಡರು.

"ಅವತ್ತು ಅವಳ ಎದುರಿಗೇ ನನ್ನ ಮಗಳು ಅಂದಿದೀನಿ. ಈಗ ಅವಳ ಬೆನ್ನ ಹಿಂದೆ ಆಫೀಸಿಗೆ ಹೋಗಿ ಅಲ್ಲ ಅಂತ ಬರ್ಕೊಡ್ಲಾ?" ಎಂದರು.

"ಅವಳಿಗೇನು ಗೊತ್ತಾಗುತ್ತಣ್ಣ?"

"ನನಗೆ ಗೊತ್ತಾಗುತ್ತಲ್ಲ."

ಬರಿಗೈಯಲ್ಲಿ ವಾಪಸು ಬಂದೆ. ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಖಾತೆಗೆ ಬರೆದರೆ ನಮ್ಮ ಬೀದಿಯಲ್ಲಿ ಅದಕ್ಕೊಂದು ಹೆಸರಿದೆ, ಅದನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಬರೆದದ್ದು ತಪ್ಪು ಎಂದು ತಿಳಿದ ಮೇಲೆ ಬರೆದವರೇ ಹೊಡೆದುಹಾಕಬೇಕು. ಹೊಡೆದುಹಾಕಬೇಕಾದರೆ ಆ ಖಾತೆಯವನು ಮೊದಲು ಮಗುವೊಂದನ್ನು ನಿರಾಕರಿಸಿ ಬರಲಿ ಎನ್ನುವ ಅಂಗಡಿಯನ್ನು ನಾನು ಎಲ್ಲೂ ನೋಡಿಲ್ಲ.

ಈಗ ಆದೇಶದ ಫಲವನ್ನೂ ಕೇಳಿ. ಡ್ರೈವರಣ್ಣನ ಮಗನಿಗೆ ನಾವಿಟ್ಟ ಹೆಸರು ಕಂಡಕ್ಟರ್. ಅಪ್ಪನಿಗಿಂತ ಎತ್ತರ, ಅಪ್ಪನಿಗಿಂತ ಬಲ. ಶನಿವಾರ ಎಲ್ಲರೂ ತಂತಮ್ಮ ಕುರ್ಚಿಯಲ್ಲೇ ಕೂತಿದ್ದೇವೆಯೇ ಎಂದು ಒಂದು ಸುತ್ತು ನೋಡಿ, ಬಾಗಿಲು ಬಡಿದು "ರೈಟ್" ಎನ್ನುತ್ತಾನೆ. ಅವನು ರೈಟ್ ಎನ್ನುವವರೆಗೆ ಸಭೆ ಹೊರಡುವುದಿಲ್ಲ. ರೈಟ್ ಅಂದ ಮೇಲೆ ಅವನೂ ಸಂಜೆಯೆಲ್ಲ ತಣ್ಣಗಿರುತ್ತಾನೆ. ನಿಮ್ಮ ಆದೇಶವನ್ನು ಅವನಿಗೆ ಓದಿ ಹೇಳುವವರು ಯಾರು? ಶನಿವಾರ ಸಂಜೆಯಾಯಿತೆಂದರೆ ಅವನು ಅಪ್ಪನನ್ನು ಎಳೆದುಕೊಂಡು ಬಂದೇ ಬರುತ್ತಾನೆ. ಬಾರದಿದ್ದರೆ ಮನೆಯಲ್ಲಿ ಅಪ್ಪನಿಗೆ ಏಟು. ಬಂದರೆ ಅವರಿಗೆ ಮಾತ್ರ ತೆರೆಯದ ನಿಮ್ಮ ಗೇಟಿಗೆ ಏಟು. ಗೇಟು ಕಬ್ಬಿಣದ್ದು, ತಡೆದುಕೊಳ್ಳುತ್ತದೆ. ಹಾಗಾಗಿ ಬಂದುಬಿಡುತ್ತಾರೆ.

ಅವರಿಬ್ಬರು ಕೆಳಗೆ ನಿಂತಿರುವಾಗ ಮುಚ್ಚಳಿಕೆ ಬರೆದುಕೊಟ್ಟು ಮೇಲೆ ಹೋಗಿ ಚಹಾ ಕುಡಿಯಲು ನಮ್ಮಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ನಾವು ಈಗ ನಿಮ್ಮ ಭವನದ ಗೇಟಿನ ಮುಂದಿನ ಮೆಟ್ಟಿಲ ಮೇಲೆ ಕೂರುತ್ತೇವೆ. ಕೊಠಡಿಗೆ ಬೀಗವಿದೆ, ಮೆಟ್ಟಿಲಿಗಿಲ್ಲ. ಹಿಂದೆ ಮಹಡಿಯ ಮೂಲೆಯಲ್ಲಿದ್ದ ಸದ್ದು ಈಗ ಸರಿಯಾಗಿ ನಿಮ್ಮ ಕಿಟಕಿಯ ಕೆಳಗಿದೆ. ದೂರು ಕೊಟ್ಟ ಸಭಾಂಗಣದವರು ನಮ್ಮನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಹೇಳುವುದು ಮರೆತೆ, ಮೇಲಿನ ಮೆಟ್ಟಿಲಲ್ಲಿ ನಿಂತು ಬಗ್ಗಿದರೆ ನಿಮ್ಮ ಗುರುತಿನ ಚೀಟಿಯೂ ಚೆನ್ನಾಗಿ ಕಾಣುತ್ತದೆ. ತಗಡಿನ ಮೇಲೆ ಅಂಗಾತ ಬಿದ್ದಿದೆ. ಫೋಟೋದಲ್ಲಿ ನೀವು ನಗುತ್ತಿದ್ದೀರಿ.

ಕಳೆದ ಶನಿವಾರ ಕಂಡಕ್ಟರ್ ಗೇಟು ಬಡಿದು ಬಡಿದು ಸಾಕಾಗಿ ಮೆಟ್ಟಿಲ ಮೇಲೆ ಅಡ್ಡ ಮಲಗಿ ಕೂಗುತ್ತಿದ್ದ. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿಯ ಒಬ್ಬರು ಸಭಾಂಗಣಕ್ಕೆ ಬಂದವರು ನಿಂತು, "ಯಾರ್ದ್ರೀ ಈ ಹುಡುಗ?" ಎಂದರು. ನಾವು ನಾಲ್ಕೈದು ಜನ ಒಟ್ಟಿಗೆ ಬಾಯಿ ತೆಗೆದೆವು. ಅಷ್ಟರಲ್ಲಿ ಗೇಟಿನ ಒಳಗಿನಿಂದ ಉತ್ತರ ಬಂತು: "ನಮ್ದೇ ಸ್ವಾಮಿ. ನೀವು ಈ ಕಡೆಯಿಂದ ಹತ್ತಿ." ನಿಮ್ಮ ಸಿಬ್ಬಂದಿಯಲ್ಲಿ ಒಬ್ಬರು. ಯಾರೆಂದು ವಿಚಾರಣೆ ಮಾಡಬೇಡಿ. ಮಾಡಿದರೆ ನಾನೇ ಎನ್ನುತ್ತೇನೆ, ಟೈಲರಮ್ಮನೂ ನಾನೇ ಎನ್ನುತ್ತಾರೆ, ನಿಮ್ಮ ಗುಮಾಸ್ತರಿಗೆ ಕೆಲಸ ಹೆಚ್ಚಾಗುತ್ತದೆ.

ನಾವು ಕೇಳುವುದು ದೊಡ್ಡದಲ್ಲ. ಡ್ರೈವರಣ್ಣನ ಮೇಲಿನ ನಿಷೇಧವನ್ನು ನೀವೇ ಹೊಡೆದುಹಾಕಿ, ಅವರಿಂದ ಆ ಒಂದು ಸಾಲನ್ನು ಬರೆಸಿಕೊಳ್ಳದೆ. ಯಾರನ್ನಾದರೂ ಹೊರಗೆ ಇಡಲೇಬೇಕೆಂದಿದ್ದರೆ ನನ್ನ ಹೆಸರಿದೆ, ಬರೆದುಕೊಳ್ಳಿ; ನಾನು ಮೆಟ್ಟಿಲ ಮೇಲೆ ಕೂರಬಲ್ಲೆ, ನನ್ನ ಮಗಳು ಯಾರ ಸರದಿ ಇದ್ದರೂ ಅವರ ಜೊತೆ ಒಳಗಿರುತ್ತಾಳೆ. ಮುಚ್ಚಳಿಕೆ ಬೇಕಿದ್ದರೆ ಒಂದನ್ನು ಈಗಲೇ ಕೊಡುತ್ತೇವೆ: ನಮ್ಮ ಮಕ್ಕಳು ದುರ್ವರ್ತನೆ ತೋರಿದಾಗ ನಾವು ಅವರನ್ನು ನಮ್ಮವರಲ್ಲ ಎನ್ನುವುದಿಲ್ಲ. ಕೊಠಡಿಯ ಬೀಗ ತೆಗೆಸಿ, ಮತ್ತು ಈ ಶನಿವಾರ ನೀವೂ ಒಮ್ಮೆ ಮೇಲೆ ಬನ್ನಿ, ಕೊರಳು ಖಾಲಿ ಮಾಡಿಕೊಂಡು. ಕಂಡಕ್ಟರ್ ನಿಮಗೂ ಒಂದು ಕುರ್ಚಿ ತೋರಿಸುತ್ತಾನೆ. ಅಲುಗಾಡದ ಹಾಗೆ ನಾನೇ ರಿಪೇರಿ ಮಾಡಿರುವುದು. ನೀವು ಆದೇಶ ಹೊರಡಿಸಿದಂದಿನಿಂದ ಅವನು ಒಮ್ಮೆಯೂ ರೈಟ್ ಅಂದಿಲ್ಲ. ಎಲ್ಲರೂ ಕಾಯುತ್ತಿದ್ದೇವೆ.

ಇಂತಿ,
ನಿಮ್ಮ ಚೀಟಿ ಎಸೆದವಳ ಸ್ವಂತ ಅಪ್ಪ,
ಹಳೆ ಕುರ್ಚಿ ಅಂಗಡಿಯವನು
(ಇಷ್ಟುದ್ದ ಬುದ್ಧಿಮಾತು ಹೇಳಿರುವುದರಿಂದ ಈ ವಾರದ ಲೋಟಗಳು ನನ್ನ ಪಾಲಿಗೆ. ನಿಮ್ಮ ಪಾಲಿನವು ಹಾಗೇ ಇವೆ.)