ಹೆತ್ತೆಯ ಕ್ಯಾಸೆಟ್

ಹೆತ್ತೇ,

ಅಜ್ಜಿ ಎಂದು ಬರೆಯಲು ಹೋದೆ, ಕೈ ಒಪ್ಪಲಿಲ್ಲ. ನಮ್ಮ ಕಟ್ಟಬೆಟ್ಟಿನಲ್ಲಿ ಅಜ್ಜಿಯನ್ನು ಹೆತ್ತೆ ಎನ್ನದೆ ಬೇರೆ ಏನೆಂದು ಕರೆದೇವು? ಇವತ್ತು ತೋಟದ ಟೀ ಎಲೆ ಫ್ಯಾಕ್ಟರಿಗೆ ಹೋದ ಮೇಲೆ ತಮ್ಮನ ಮಗಳು ಸಿಂಧುಜಾ ಬಂದಳು. ನಮ್ಮ ಮನೆತನದ ಚರಿತ್ರೆ ಬರೆಯುತ್ತಾಳಂತೆ. ಹಿಸ್ಟರಿ ರಿಪೀಟ್ಸ್ ಇಟ್‌ಸೆಲ್ಫ್ ಎಂದು ಕಾಲೇಜಿನಲ್ಲಿ ಓದಿದ್ದೆ, ಅದರ ಮುಂದಿನದು ಮರೆತಿದೆ. ಇರಲಿ. ನೀನು ತೀರಿಹೋಗುವ ಹಿಂದಿನ ವರ್ಷ ನಿನ್ನ ಮಾತನ್ನು ನಾನು ಕ್ಯಾಸೆಟ್ಟಿಗೆ ಹಿಡಿದಿದ್ದೆನಲ್ಲ, ಅದನ್ನು ಹಾಕಿದೆವು.

ಹಿರಿಯರ ಹೆಸರು ಕೇಳಿದರೆ ನೀನು ಅವರು ಸಾಕಿದ ಎಮ್ಮೆಗಳ ಹೆಸರು ಹೇಳುತ್ತಾ ಹೋಗುತ್ತೀಯೆ. ಕೆಂಚಿ, ಕೆಂಚಿಯ ಮಗಳು ನೀಲಿ, ನೀಲಿಯ ಮಗಳು ಇನ್ನೊಬ್ಬಳು.

"ದೊಡ್ಡಪ್ಪ, ಎಮ್ಮೆ ವಂಶ ಪೂರ್ತಿ ಸಿಕ್ತು. ನಮ್ಮದು ಯಾವಾಗ?" ಎಂದಳು ಸಿಂಧುಜಾ. ಇಬ್ಬರೂ ನಕ್ಕೆವು.

ಆಗಲೇ ಟೇಪಿನೊಳಗೆ ದೂರದಿಂದ ನನ್ನ ಕಮಲಂ ಕರೆದಳು. "ಟೀ ಆರುತ್ತೆ, ಬನ್ನಿ."

ಅವಳ ದನಿ ಅದರಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅವಳೂ ಹೋದ ಮೇಲೆ ಎಲ್ಲಿಯೂ ಕೇಳಿರಲಿಲ್ಲ.

"ಹೆಂಡ್ತಿ ಕರೀತಾಳೆ, ಹೋಗು ಮಗಾ. ಸತ್ತವರು ಕಾಯ್ತಾರೆ, ಟೀ ಕಾಯಲ್ಲ" ಎನ್ನುತ್ತೀಯೆ ನೀನು.

"ಒನ್ ಮಿನಿಟ್" ಎನ್ನುತ್ತೇನೆ ನಾನು. ಅಲ್ಲಿಗೆ ಟೇಪು ಮುಗಿಯುತ್ತದೆ.

"ಇನ್ನೊಂದು ಕಡೆ ಹಾಕಲಾ ದೊಡ್ಡಪ್ಪ?" ಎಂದು ಸಿಂಧುಜಾ ತಿರುಗಿದಾಗ ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ನೀನು ಹೇಳಿದಂತೆಯೇ ಎದ್ದು ಹೋದೆ ಹೆತ್ತೇ. ಒಲೆ ಹಚ್ಚಿರಲಿಲ್ಲ.