ಗೆದ್ದ ಲೆಕ್ಕದ ವರದಿ

ಕ್ಯಾಸಿಮಿರ್ ಅವರೇ,

ನಿಮ್ಮನ್ನು ಮಣ್ಣು ಮಾಡಿದ ಮೇಲೆ ಇಲ್ಲಿ ರಾಚೆಸ್ಟರಿನಲ್ಲಿ ನಡೆದ ಮೊದಲ ಲೇಸರ್ ಪ್ರಯೋಗ ಇವತ್ತು ಮುಗಿಯಿತು. ಮೆಣಸಿನ ಕಾಳಿನಷ್ಟು ಪ್ಲಾಸ್ಟಿಕ್ ಗುಂಡನ್ನು ಸೂರ್ಯನ ಮೈಗಿಂತ ಬಿಸಿ ಮಾಡಿ ಹಿಂಡಿದರೆ ಅದು ಎಷ್ಟು ಕುಗ್ಗುತ್ತದೆ ಎಂಬುದೇ ನಮ್ಮಿಬ್ಬರ ಜಗಳವಾಗಿತ್ತಲ್ಲ. ಆ ಬಿಸಿಗೆ ಪ್ಲಾಸ್ಟಿಕ್ಕಿನಲ್ಲಿರುವ ಇಂಗಾಲದ ಒಳಗಿನ ಎಲೆಕ್ಟ್ರಾನುಗಳೂ ಕಳಚಿಕೊಂಡು ಗುಂಡು ಇನ್ನಷ್ಟು ಕುಗ್ಗುತ್ತದೆ ಎಂದು ನನ್ನ ಕಂಪ್ಯೂಟರ್ ಲೆಕ್ಕ ಹೇಳುತ್ತಿತ್ತು. ಹಳೆಯ ಅಳತೆಗಳಿಂದ ನೀವು ಕಟ್ಟಿದ ಕೋಷ್ಟಕ ಅದನ್ನು ಒಪ್ಪುತ್ತಿರಲಿಲ್ಲ.

"ಕಂಪ್ಯೂಟರಿಗೆ ಬೆವರು ಬರಲ್ಲ ಥಿಯಾ, ಅದಕ್ಕೇ ಬಾಯಿಗೆ ಬಂದದ್ದು ಹೇಳತ್ತೆ," ಎಂದು ಸಭೆಯಲ್ಲಿ ಎಲ್ಲರನ್ನೂ ನಗಿಸಿದಿರಿ. ಆಮೇಲೆ ನಾವು ಎದುರಾದಾಗ ಮಾತಾಡಿದ್ದು ಹಿಮದ ವಿಷಯ ಮಾತ್ರ.

ಮಧ್ಯಾಹ್ನ ಅಳತೆಗಳು ಬಂದವು. ಪ್ರಯೋಗ ನಡೆಸಿದ ಡೆಸ್ಮಂಡ್ ಓಡಿ ಬಂದ.

"ಅಳತೆ ಎಲ್ಲಾ ನಿನ್ನ ಲೆಕ್ಕದ ಗೆರೆ ಮೇಲೇ ಕೂತಿದೆ ಕಣೇ! ಮುದುಕ ಸೋತ! ಇನ್ನು ಆ ಹಳೇ ಕೋಷ್ಟಕ ಕಿತ್ತು ಹಾಕೋಣ್ವಾ?"

"ಬೇಡ. ಬಿಸಿ ಕಡಿಮೆ ಇದ್ದಾಗ ಅದೇ ಸರಿ. ಅಲ್ಲಿ ನನ್ನ ಲೆಕ್ಕ ಎಡವತ್ತೆ," ಎಂದೆ.

ಈ ಮಾತನ್ನು ನಿಮಗೆ ಯಾವತ್ತಾದರೂ ಹೇಳಿದ್ದೆನೇ, ನೆನಪಿಲ್ಲ.

ಎಲ್ಲರೂ ಬಿಯರ್ ಕುಡಿಯಲು ಹೊರಟರು. ನಾನು ಫೋನೆತ್ತಿ ನಿಮ್ಮ ಕೋಣೆಯ ನಂಬರ್ ಒತ್ತಿದೆ. ಬೆರಳಿಗೆ ಹಳೇ ರೂಢಿ, ಅಷ್ಟೇ. ನಿಮ್ಮ ಜಾಗಕ್ಕೆ ಹೊಸದಾಗಿ ಬಂದಿರುವ ಹೆಂಗಸು ಎತ್ತಿದಳು.

"ಹಲೋ, ಯಾರು ಬೇಕಿತ್ತು?"

ನಿಮ್ಮ ಹೆಸರು ಹೇಳಿದೆ.

"ಅಯ್ಯೋ, ನಿಮಗೆ ಯಾರೂ ಹೇಳಲಿಲ್ವಾ? ಅವರು..." ಎಂದು ತಡವರಿಸಿದಳು.

"ಗೊತ್ತು," ಎಂದೆ. ಆದರೂ ಫೋನ್ ಇಡಲಿಲ್ಲ.

ಥಿಯಾ