ತುಂಗವ್ವನ ಕೈಗೆ ಕೊಟ್ಟ ಗಂಟೆ

ಫೆಬ್ರವರಿ 30, 2318

ಶಾಕಾಂಬರಿ ಟೀಚರ್ ಅವರಿಗೆ ನಮಸ್ಕಾರ.

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ತಿಂಗಳುಗಳನ್ನೂ ಮಕ್ಕಳಂತೆ ಸರಿಸಮ ಮಾಡಿ ಕೂರಿಸಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನೀವು ಒಂದನೇ ತರಗತಿ ನಡೆಸಿದ ಕೋಣೆಯಲ್ಲೇ ನಾನೂ ಪಾಠ ಮಾಡುತ್ತೇನೆ. ಅಟ್ಟದ ಮೇಲೆ ನಿಮ್ಮ ದಿನಚರಿ ಸಿಕ್ಕಿತು. ನಿಮ್ಮ ಮಕ್ಕಳ ಗಲಾಟೆಯನ್ನು ಓದಿ ಹೊಟ್ಟೆಕಿಚ್ಚಾಯಿತು.

ನಮ್ಮ ಮಕ್ಕಳು ಗಲಾಟೆ ಮಾಡುವುದಿಲ್ಲ. ಮೂರು ತುಂಬುತ್ತಲೇ ಕೊರಳಿಗೆ ಶಾಂತಪಟ್ಟಿ ಕಟ್ಟುತ್ತೇವೆ. ಸಿಟ್ಟು, ಅಳು, ಕೇಕೆ ಏನೇ ಇರಲಿ, ಹೊರಗೆ ಬರುವ ಮೊದಲೇ ಅದು ತಣಿಸಿಬಿಡುತ್ತದೆ. ನಗು ಮರೆತುಹೋಗಬಾರದೆಂದು ದಿನಕ್ಕೊಮ್ಮೆ ನಗೆಗಂಟೆ ಇದೆ. ಒಮ್ಮೆ ಹೊಡೆದರೆ ಮೂವತ್ತು ಮಕ್ಕಳೂ ನಗುತ್ತಾರೆ, ಮತ್ತೊಮ್ಮೆ ಹೊಡೆದರೆ ನಿಲ್ಲಿಸುತ್ತಾರೆ. ಕಳೆದ ವರ್ಷ ಹಿಂದಿನ ಬೆಂಚಿಗೆ ಬೆಂಕಿ ತಗುಲಿದಾಗ ಯಾರೂ ಕೂಗಲಿಲ್ಲ. ವಾಸನೆ ಬಂದು ನಾನು ತಿರುಗುವವರೆಗೂ ಕೈಕಟ್ಟಿ ಕುಳಿತೇ ಇದ್ದರು.

ಐದು ವರ್ಷದ ತುಂಗವ್ವನ ಮೇಲೆ ಮಾತ್ರ ಪಟ್ಟಿ ಕೆಲಸ ಮಾಡಲಿಲ್ಲ. ಬೆಂಚು ಬಡಿಯುತ್ತಾಳೆ, ಪಕ್ಕದವರನ್ನು ಕಚ್ಚುತ್ತಾಳೆ. ಅವಳಿಗೆ ಎರಡನೆಯ ಪಟ್ಟಿ ಕಟ್ಟಬೇಕೆಂದು ಮೇಲಿನವರ ಆದೇಶ ಬಂದಿದೆ. ಎರಡು ಪಟ್ಟಿ ಕಟ್ಟಿಸಿಕೊಂಡ ಮಕ್ಕಳು ಹೆಸರು ಕರೆದರೂ ತಿರುಗುವುದಿಲ್ಲ. ಅವಳು ತಿರುಗಬೇಕು ಎಂಬುದೊಂದೇ ನನ್ನ ಆಸೆ.

ನಿಮ್ಮ ದಿನಚರಿಯಲ್ಲಿ ಹೀಗಿದೆ: “ಬಸವಣ್ಣೆಪ್ಪ ಮತ್ತೆ ಕಚ್ಚಿದ. ಬೈಯಲಿಲ್ಲ. ಗಂಟೆ ಹೊಡೆಯುವ ಕೆಲಸ ಅವನಿಗೇ ಕೊಟ್ಟೆ. ಸಂಜೆವರೆಗೂ ಯಾರನ್ನೂ ಕಚ್ಚಲಿಲ್ಲ.” ಅದನ್ನೇ ನಂಬಿ ಇಂದು ನಗೆಗಂಟೆಯನ್ನು ತುಂಗವ್ವನ ಕೈಗೆ ಕೊಟ್ಟೆ. ನಿಮ್ಮ ಗಂಟೆ ಬರೀ ಗಂಟೆ, ನಮ್ಮದು ಪಟ್ಟಿಯ ಮೂಲಕ ಮಕ್ಕಳನ್ನು ಆಡಿಸುವ ಗಂಟೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಅವಳು ಒಮ್ಮೆ ಹೊಡೆದು ಗಂಟೆಯನ್ನು ಎದೆಗವಚಿಕೊಂಡಳು. ಮಕ್ಕಳು ನಕ್ಕರು. ನಗುತ್ತಲೇ ಇದ್ದರು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರಿಳಿಯಿತು, ಆ ಕಣ್ಣುಗಳಲ್ಲಿ ಮಾತ್ರ ನಗುವಿರಲಿಲ್ಲ.

“ಮಿಸ್, ಇವ್ರು ನಗ್ತಾ ಇಲ್ಲ,” ಎಂದಳು ತುಂಗವ್ವ. “ಅಳ್ತಾ ಇದಾರೆ.”

ಅವಳೇ ಮತ್ತೆ ಗಂಟೆ ಹೊಡೆದಳು. ಎಲ್ಲ ನಿಂತಿತು. ಆಮೇಲೆ ಅವಳು ಒಬ್ಬೊಬ್ಬರ ಬಳಿಗೂ ಹೋಗಿ ಅಂಗೈಯಿಂದ ಕಣ್ಣೊರೆಸಿದಳು. ಯಾರನ್ನೂ ಕಚ್ಚಲಿಲ್ಲ. ಕೊನೆಯ ಬೆಂಚಿನ ಮಗುವೊಂದು, ಗಂಟೆಯಿಲ್ಲದೆ, ಬಿಕ್ಕಿತು.

ಗೋಡೆಗಳಿಗೂ ಕಿವಿ ಎಂಬ ನಿಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ. ಆ ಬಿಕ್ಕು ಮೇಲಿನವರಿಗೆ ಕೇಳಿಸಿದೆ. ನಾಳೆ ಹತ್ತು ಗಂಟೆಗೆ ಮೂವತ್ತು ಮಕ್ಕಳಿಗೂ ಎರಡನೆಯ ಪಟ್ಟಿ ತರುತ್ತಾರೆ.

ನಿಮ್ಮ ದಿನಚರಿಯ ಮುಂದಿನ ಹಾಳೆ ಹರಿದಿದೆ. ಮಾರನೆಯ ದಿನ ನೀವೇನು ಮಾಡಿದಿರಿ? ದಯವಿಟ್ಟು ನಮ್ಮ ಕೋಣೆಯ ಗೋಡೆಯ ಮೇಲೆ ಬರೆದಿಡಿ, ಕರಿಹಲಗೆಯ ಎಡಕ್ಕೆ, ಮಕ್ಕಳ ಎತ್ತರದಲ್ಲಿ. ನಿಮ್ಮ ಅಕ್ಷರ ಹುಡುಕಿ ನಾನು ಈಗಲೇ ಅಲ್ಲಿ ಸುಣ್ಣ ಕೆರೆಯಲು ಶುರುಮಾಡಿದ್ದೇನೆ. ತುಂಗವ್ವನೂ ಉಗುರಿನಿಂದ ಕೆರೆಯುತ್ತಿದ್ದಾಳೆ.

ಇಂತಿ,
ನಿಮ್ಮ ಕೋಣೆಯ ಈಗಿನ ಟೀಚರ್